ರೈಲು ಬಾರದ ಪ್ಲಾಟ್‌ಫಾರ್ಮಿಗೆ ಒಂದು ಬಾಗಿಲು

ನಮ್ಮ ಮನೆಯಲ್ಲಿ ಪಾತ್ರೆಗಳು ನಡೆಯುತ್ತಿದ್ದವು. ಬೆಳಗಿನ ಪೂಜೆ ಮುಗಿಸಿ ಅಪ್ಪ ಗರಗಸದ ಯಂತ್ರ ಚಾಲೂ ಮಾಡಿದನೆಂದರೆ ಅಡುಗೆಮನೆಯ ಹಲಗೆಯ ಮೇಲಿದ್ದ ತಂಬಿಗೆ, ವಾಟಗ, ಉಪ್ಪಿನ ಡಬ್ಬಿ ಎಲ್ಲವೂ ಸಣ್ಣಗೆ ನಡುಗುತ್ತ, ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತ ಅಂಚಿನ ಕಡೆಗೆ ಹೊರಡುತ್ತಿದ್ದವು. ಅವ್ವ ಒಲೆಯ ಮುಂದೆ ಕುಳಿತು ಭಕ್ಕರಿ ಬಡಿಯುತ್ತಿದ್ದಳು. ತಿರುಗಿ ನೋಡುತ್ತಿರಲಿಲ್ಲ. ಯಾವ ತಂಬಿಗೆ ಎಲ್ಲಿಯವರೆಗೆ ಬಂದಿದೆಯೆಂಬುದು ಅವಳಿಗೆ ಸದ್ದಿನಿಂದಲೇ ತಿಳಿಯುತ್ತಿತ್ತು. ಹಿಟ್ಟು ಮೆತ್ತಿದ ಕೈಯ ಹಿಂಬದಿಯನ್ನು ಮೇಲಕ್ಕೆ ಚಾಚಿ, ಇನ್ನೇನು ಬೀಳಲಿದ್ದುದನ್ನು ಗೋಡೆಗೆ ನೂಕಿ, ಅದೇ ಓಘದಲ್ಲಿ ಕೈಯನ್ನು ಹಿಟ್ಟಿಗೆ ತರುತ್ತಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ಯಂತ್ರ ನಿಂತಾಗ ಇಡೀ ಮನೆ ಒಮ್ಮೆಲೇ ನೆಲಕ್ಕೆ ಇಳಿದಂತಾಗುತ್ತಿತ್ತು. ಆ ಮೌನದಲ್ಲಿ ನಮಗೆ ಊಟ ಸೇರುತ್ತಿರಲಿಲ್ಲ. ಅಪ್ಪ ಎರಡು ತುತ್ತು ಉಂಡು ಎದ್ದುಹೋಗಿ ಯಂತ್ರದ ಬೆಲ್ಟು ಮುಟ್ಟಿ ನೋಡಿ ಬರುತ್ತಿದ್ದ. ಅಣ್ಣ ಕೂತಲ್ಲೇ ಮೊಣಕಾಲು ಅಲುಗಿಸುತ್ತಿದ್ದ. ಅಜ್ಜಿ ಮಂಚದ ಮೇಲಿಂದ ಕೇಳುತ್ತಿದ್ದಳು:

"ಯಾಕೋ, ಮನಿ ನಿಂತದಲ್ಲೋ! ಯಾವ ಸ್ಟೇಷನ್ ಬಂತು?"

ನನ್ನನ್ನು ಸಿಸ್ಟರುಗಳ ಶಾಲೆಗೆ ಹಾಕಿದಾಗ ಅಲ್ಲಿನ ಬೆಂಚುಗಳು ಅಲ್ಲಾಡದೆ ನಿಂತಿರುವುದು ನನಗೆ ಮೊದಲ ಆಶ್ಚರ್ಯ. ತಿಂಡಿಯ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಒಂದು ಕೈಯಿಂದ ಹಿಡಿದುಕೊಂಡೇ ಇನ್ನೊಂದು ಕೈಯಿಂದ ತಿನ್ನುತ್ತಿದ್ದೆ. ಮಂಗಳೂರು ಕಡೆಯಿಂದ ಬಂದಿದ್ದ ಸಿಸ್ಟರ್ ಒಬ್ಬರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ಡಬ್ಬಿ ಎಲ್ಲಿಗೂ ಓಡಿಹೋಗುವುದಿಲ್ಲ ಮಗು. ಕೈ ಬಿಡು."

ಕೈ ಬಿಟ್ಟೆ. ಆದರೆ ಕಣ್ಣು ಬಿಡಲಿಲ್ಲ. ಇಂದಿಗೂ ಬೈಲಹೊಂಗಲದ ನನ್ನ ಮನೆಯಲ್ಲಿ ಯಾರಾದರೂ ಚಹಾದ ಲೋಟವನ್ನು ಮೇಜಿನ ಅಂಚಿಗೆ ಇಟ್ಟರೆ ಅವರ ಮಾತು ನನ್ನ ಕಿವಿಗೆ ಹೋಗುವುದಿಲ್ಲ. ಕುಳಿತು ಒಂದು ಲೋಟ ಚಹಾ ಪೂರ್ತಿ ಕುಡಿದ ನೆನಪು ನನಗಿಲ್ಲ. ಅರ್ಧಕ್ಕೆ ಎದ್ದು ಹಾಲಿನ ಪಾತ್ರೆ ಸರಿಸುತ್ತೇನೆ, ಕದ ಮುಂದೆ ಮಾಡುತ್ತೇನೆ, ಒಣಗಿದ ಬಟ್ಟೆ ಮುಟ್ಟಿ ನೋಡುತ್ತೇನೆ. ನಮ್ಮವರು ಇದಕ್ಕೆ ಒಗ್ಗಿಕೊಂಡಿದ್ದಾರೆ. ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು, ಕೂತರೆ ಕೂತೇ ಬಿಡುವ ಜೀವ. ನಿವೃತ್ತಿಯಾದ ಮೇಲೆ ಅಟ್ಟದ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ದೊಡ್ಡ ಮೇಜು ಹಾಕಿ, ಅದರ ಮೇಲೆ ಗೇಣುದ್ದದ ಡಬ್ಬಿಗಳ ರೈಲು ಓಡಿಸತೊಡಗಿದರು. ಪರದೇಶದಲ್ಲಿ ಹೀಗೆ ಮೇಜಿನ ಮೇಲೆ ಊರು ಕಟ್ಟುವ ದೊಡ್ಡ ಬಳಗವೇ ಇದೆಯಂತೆ. ಅವರ ವಿಡಿಯೋಗಳನ್ನು ನೋಡಿ ಇವರು ಗುಡ್ಡ ಮಾಡಿದರು, ಹಳ್ಳಕ್ಕೆ ಸೇತುವೆ ಹಾಕಿದರು. ಒಂದು ದಿನ ಮೇಲಿಂದ ಕೂಗಿದರು:

"ಸುಧಾ, ಲಗೂನ ಬಾ! ನಿನ್ನ ತೌರಮನಿ ಪರದೇಶದಾಗ ಅದ, ನೋಡು!"

ಫೋನಿನಲ್ಲಿ ಹಳೆಯ ಮರದ ಕಟ್ಟಡವೊಂದರ ಚಿಕ್ಕ ಮಾದರಿ. ತಗಡಿನ ಇಳಿಜಾರು ಮಾಡು, ಒಂದು ಕಡೆ ದಿಮ್ಮಿಗಳ ರಾಶಿ, ಇನ್ನೊಂದು ಕಡೆ ಒಟ್ಟಿದ ಮರದ ಪೆಟ್ಟಿಗೆಗಳು, ನಮ್ಮ ಕಡೆ ಖೋಕಾ ಎನ್ನುವಂಥವು, ಬೂದುಬಣ್ಣದ ಗೋಡೆಗೆ ತಾಗಿ ರೈಲಿನ ಹಳಿ.

"ಮರದ ಖೋಕಾ ಫ್ಯಾಕ್ಟ್ರಿ ಅಂದ್ರ ಇವರಿಗೆಲ್ಲಾ ಭಾಳ ಜೀವ," ಎಂದರು ನಮ್ಮವರು. "ಯಾಕ ಹೇಳು? ಕಟ್ಟಡ ಸಣ್ಣದು, ಆದ್ರ ರೈಲಿಗೆ ಕೆಲಸ ಭಾಳ. ಒಂದು ಡಬ್ಬಿ ದಿಮ್ಮಿ ತರಬೇಕು, ಇನ್ನೊಂದು ಮೊಳಿ ತರಬೇಕು, ತಯಾರಾದ ಖೋಕಾ ಹೊರಗ ಹೋಗಬೇಕು. ರಟ್ಟಿನ ಡಬ್ಬಿ ಬರೂಕಿಂತ ಮೊದಲ ಇಡೀ ಜಗತ್ತು ಮರದ ಖೋಕಾದಾಗನ ಓಡ್ಯಾಡ್ತಿತ್ತಲ್ಲ. ನಾವು ನಿಮ್ಮ ಮುನವಳ್ಳಿದ ಮಾಡೂಣು."

"ನಮ್ಮ ಫ್ಯಾಕ್ಟ್ರಿಗೆ ರೈಲಿರಲಿಲ್ರೀ."

"ಪ್ಲಾಟ್‌ಫಾರ್ಮ್ ಇತ್ತಲ್ಲ!"

ನಾನು ನಗಲಿಲ್ಲ. ಕೆಳಗೆ ಹಾಲು ಇಟ್ಟು ಬಂದಿದ್ದೇನೆಂದು ಹೇಳಿ ಇಳಿದು ಬಂದೆ. ಹಾಲು ಇಟ್ಟಿರಲಿಲ್ಲ.

ಆ ದಿನದಿಂದ ಅವರು ಕೇಳುವುದು, ನಾನು ಕೆಲಸದ ನಡುವೆ ಉತ್ತರ ಕೊಡುವುದು ನಡೆಯಿತು. ಮಾಡಿನ ತಗಡು ಯಾವ ಬಣ್ಣ? ಬಣ್ಣವಿರಲಿಲ್ಲ, ತುಕ್ಕಿತ್ತು, ಪಾರಿವಾಳ ಕೂಡುವ ಕಡೆ ಬಿಳಿ ಗೆರೆಗಳಿದ್ದವು. ದಿಮ್ಮಿ ಎಲ್ಲಿಂದ ಬರುತ್ತಿದ್ದವು? ಕಿತ್ತೂರಿನ ಕಡೆಯಿಂದ, ಲಾರಿಯಲ್ಲಿ. ಮಳೆಗಾಲದ ದಿಮ್ಮಿಗಳ ತೊಗಟೆಯ ಸಂದಿನಲ್ಲಿ ನಮ್ಮ ಬಯಲುಸೀಮೆ ಕಾಣದ ಹಸಿರು ಪಾಚಿ ಇರುತ್ತಿತ್ತು. ನಾನದನ್ನು ಉಗುರಿನಿಂದ ಕಿತ್ತು ಮೂಸುತ್ತಿದ್ದೆ. ಖೋಕಾ ಯಾರಿಗೆ ಹೋಗುತ್ತಿದ್ದವು? ರಾಮದುರ್ಗದ ಸೀರೆ ವ್ಯಾಪಾರಿಗಳಿಗೆ ಎತ್ತರದವು, ಸವದತ್ತಿಯ ಸೋಡಾ ಅಂಗಡಿಗೆ ಒಳಗೆ ಮನೆಮನೆಯಾಗಿ ಪಟ್ಟಿ ಹೊಡೆದವು, ಸುರೇಬಾನ ಕಟಕೋಳಗಳ ಹಣ್ಣಿನ ವ್ಯಾಪಾರಿಗಳಿಗೆ ಗಾಳಿಯಾಡುವ ಸಂದಿಯವು. ಪ್ರತಿಯೊಂದರ ಮೇಲೂ ಅಪ್ಪ ತಗಡಿನ ಅಚ್ಚು ಇಟ್ಟು ಮಸಿಯಲ್ಲಿ ಒಂದು ಬಾಣ ಹೊಡೆಯುತ್ತಿದ್ದ, ಯಾವುದು ಮೇಲ್ಭಾಗವೆಂದು ತಿಳಿಯಲಿಕ್ಕೆ. ಹೋಮ್‌ವರ್ಕ್ ಮಾಡಲು ನನಗೆ ಖೋಕಾವೇ ಮೇಜು, ಅಜ್ಜಿಯ ತಾಂಬೂಲದ ಡಬ್ಬಿ ಇಡಲು ಖೋಕಾ, ದೇವರ ಬಟ್ಟೆ ಇಡಲು ಖೋಕಾ. ನಮ್ಮ ಇಡೀ ಸಂಸಾರ ಇನ್ನೇನು ಎಲ್ಲಿಗೋ ರವಾನೆಯಾಗಲಿದೆ ಅನ್ನುವಂತೆ ಎಲ್ಲ ಕಡೆ ಬಾಣಗಳಿದ್ದವು.

ಇನ್ನು ಹೊಟ್ಟು. ಗರಗಸದಿಂದ ಹಿಟ್ಟಿನಂತೆ ಉದುರುವ ಮರದ ಹೊಟ್ಟು ನಮ್ಮ ಹಾಸಿಗೆಯಲ್ಲಿ, ಅಕ್ಕಿಯಲ್ಲಿ, ಅಣ್ಣನ ಹುಬ್ಬಿನಲ್ಲಿ, ದೇವರ ನೆತ್ತಿಯ ಮೇಲೆ. ಮನೆಗಿದ್ದುದು ಒಂದೇ ದಾರಿ. ಓಣಿಯಿಂದ ಮೊದಲು ಗರಗಸದ ಶೆಡ್ಡು, ಶೆಡ್ಡಿನ ಹಿಂದೆ ನಮ್ಮ ಪಡಸಾಲೆ, ಅದರ ಹಿಂದೆ ದೇವರಮನೆ, ಕೊನೆಗೆ ಅಡುಗೆಮನೆ. ಅಲ್ಲಿಗೆ ಮನೆ ಮುಗಿಯುತ್ತಿತ್ತು, ಮುಂದೆ ಗೋಡೆ. ಬೆಳಕು ಬರಲು ಮಾಳಿಗೆಯಲ್ಲೊಂದು ಬೆಳಕಿಂಡಿ. ಅವ್ವ ಮಡಿಯ ಸೀರೆಯಲ್ಲಿ ಬಾವಿಯ ನೀರು ತರಬೇಕಾದರೂ ಶೆಡ್ಡನ್ನು ದಾಟಬೇಕು. ಕೆಲಸದವರು ತಲೆ ತಗ್ಗಿಸಿ ಸರಿದು ನಿಲ್ಲುತ್ತಿದ್ದರು. ಆದರೆ ಹೊಟ್ಟು ಸರಿಯುತ್ತಿರಲಿಲ್ಲ. ಹಸಿ ಸೀರೆಗೆ ಅಂಟಿದ ಹೊಟ್ಟನ್ನು ಕೊಡವಲು ಆಗದೆ ಅವಳು ಹಾಗೆಯೇ ದೇವರ ಮುಂದೆ ಕೂಡುತ್ತಿದ್ದಳು. ಆ ಅಡುಗೆಮನೆಯ ಗೋಡೆಯ ಆಚೆಗೆ, ಬರಿಯ ಒಂದು ಮೊಳದ ಹಸಿ ಇಟ್ಟಿಗೆಯ ಆಚೆಗೆ, ಊರಿನಲ್ಲೇ ಅತಿ ಸ್ವಚ್ಛವಾದ ಜಾಗವಿತ್ತು. ಅದೇ ಅಪ್ಪನ ಪ್ಲಾಟ್‌ಫಾರ್ಮ್.

ಧಾರವಾಡದಿಂದ ನಮ್ಮ ಕಡೆಗೆ ರೈಲು ಬರುತ್ತದೆ ಎಂಬ ಮಾತು ಅಪ್ಪನ ಚಿಕ್ಕಂದಿನಲ್ಲೂ ಇತ್ತು, ನನ್ನ ಚಿಕ್ಕಂದಿನಲ್ಲೂ ಇತ್ತು. ಪೌರೋಹಿತ್ಯದ ಮನೆತನದಲ್ಲಿ ಹುಟ್ಟಿ ಮರದ ವ್ಯಾಪಾರಕ್ಕೆ ಇಳಿದ ಅಪ್ಪನಿಗೆ, ಹಿಂದೆ ಮಂತ್ರದ ಮೇಲೆ ಇರಬೇಕಾಗಿದ್ದ ನಂಬಿಕೆಯೆಲ್ಲ ಈ ಮಾತಿನ ಮೇಲೆ ಬಂದು ಕೂತಿತ್ತು. ಫ್ಯಾಕ್ಟರಿಯ ಹಿಂದಿನ ಬಯಲಿನಲ್ಲೇ ಹಳಿ ಬರುತ್ತದೆಂದು ಯಾರೋ ಹೇಳಿದರು. ಅಪ್ಪ ಧಾರವಾಡಕ್ಕೆ ಹೋಗಿ ಮಾಲುಗಾಡಿ ನಿಲ್ಲುವ ಕಟ್ಟೆಯ ಕೆಳಗೆ ನಿಂತ. ಕಟ್ಟೆಯ ಅಂಚು ಅವನ ಮುಚ್ಚುಗೊರಳಿನ ಕೋಟಿನ ಕೊನೆಯ ಗುಂಡಿಗೆ ಸರಿಯಾಗಿ ಬಂತು. ಮರುವರ್ಷ ಮುನವಳ್ಳಿಯಲ್ಲಿ ಅದೇ ಕೋಟು ಹಾಕಿಕೊಂಡೇ ನಿಂತು ಗೌಂಡಿಗೆ ಹೇಳಿದ, ಈ ಗುಂಡಿತನಕ ಕಟ್ಟು. ಹೀಗೆ ನಮ್ಮ ಮನೆಯ ಬೆನ್ನಿಗೆ ಕಲ್ಲು ಹಾಸಿದ ಉದ್ದನೆಯ ಕಟ್ಟೆ ಎದ್ದು ನಿಂತಿತು. ರೈಲಿನ ಡಬ್ಬಿಗೆ ಸಮ, ಚಕ್ಕಡಿಗೆ ಎತ್ತರ, ಮನುಷ್ಯನಿಗೆ ಹತ್ತಲು ಕಷ್ಟ. ಹಿಂದಿನ ಬಯಲಿಗೆ ರಸ್ತೆಯೂ ಇರಲಿಲ್ಲವಾದ್ದರಿಂದ ಮಾಲು ಮುಂದಿನ ಓಣಿಯಿಂದಲೇ ಹೋಗುತ್ತಿತ್ತು, ಕಟ್ಟೆ ಬಿಸಿಲು ಕಾಯುತ್ತಿತ್ತು. ಅಪ್ಪ ಮಾತ್ರ ದಿನಾ ಬೆಳಿಗ್ಗೆ ಪಕ್ಕದ ಸಂದಿಯಿಂದ ಸುತ್ತಿ ಹೋಗಿ, ಹಲಗೆಯೊಂದನ್ನು ಆನಿಸಿ ಹತ್ತಿ, ಅದನ್ನು ಗುಡಿಸಿ ಬರುತ್ತಿದ್ದ.

"ಪಂಚಾಂಗ ನೋಡೂ ಮನೆತನ," ಎನ್ನುತ್ತಿದ್ದಳು ಅಜ್ಜಿ. "ಇಂವಾ ಗುಂಡಿ ನೋಡಿ ಮುಹೂರ್ತ ಇಟ್ಟಾನ."

"ಆ ಗುಂಡಿನೂ ಹರದಿತ್ರೀ ಅತ್ಯಾರ," ಎನ್ನುತ್ತಿದ್ದಳು ಅವ್ವ, ಒಲೆಯ ಕಡೆಗೆ ಮುಖ ಮಾಡಿ. "ಇವರು ಧಾರವಾಡದಿಂದ ಬಂದ ಮ್ಯಾಲೆ ದೀಪಾವಳಿಗೆ ನಾನ ಹಚ್ಚಿದ್ದು. ಮೊದಲಿದ್ದ ಜಾಗಾದಾಗ ಹಚ್ಚೀನೋ ಇಲ್ಲೋ, ಆ ದೇವರಿಗೇ ಗೊತ್ತು."

ಅಪ್ಪ ಕೇಳಿಸಿಕೊಂಡೂ ಕೇಳಿಸದವನಂತೆ ಎದ್ದು ಹೋಗುತ್ತಿದ್ದ. ಶೆಡ್ಡಿನಲ್ಲಿ ಏನೇ ಸದ್ದಾದರೂ, ದಿಮ್ಮಿ ಉರುಳಿದರೂ, ಗುಡುಗಿದರೂ, ಅಜ್ಜಿ ಮಂಚದಿಂದ "ರೈಲು ಬಂತೇನೋ?" ಎಂದು ಕೂಗುವಳು. ಅವಳ ಕಾಲು ಬಿದ್ದುಹೋಗಿ ಬಹಳ ಕಾಲವಾಗಿತ್ತು, ಬಾಯಿ ಮಾತ್ರ ಎಲ್ಲ ಕಡೆ ಓಡಾಡುತ್ತಿತ್ತು.

ಅವ್ವನಿಗೆ ಬೇಕಾಗಿದ್ದುದು ಒಂದು ಬಾಗಿಲು. ಅಡುಗೆಮನೆಯ ಗೋಡೆಯಲ್ಲಿ, ಪ್ಲಾಟ್‌ಫಾರ್ಮಿಗೆ ತೆರೆಯುವಂಥದ್ದು. ಒಂದು ಬಾಗಿಲಾದರೆ ಬಿಸಿಲಿಗೆ ಸಂಡಿಗೆ ಇಡಬಹುದು, ಮಡಿ ಬಟ್ಟೆ ಹರವಬಹುದು, ಹೊಟ್ಟಿಲ್ಲದ ಗಾಳಿಯಲ್ಲಿ ನಿಂತು ತಲೆ ಒಣಗಿಸಬಹುದು. ಹಂದಿಗಳಿಗೆ ಹತ್ತಲಾಗದ ಅಂಥ ಕಟ್ಟೆ ಓಣಿಯ ಯಾರಿಗೂ ಇರಲಿಲ್ಲ. ಅವಳು ಇದನ್ನು ಯಾವತ್ತೂ ಗಟ್ಟಿಯಾಗಿ ಕೇಳಲಿಲ್ಲ. ಒಲೆಯ ಇದ್ದಿಲಿನ ಚೂರು ತೆಗೆದುಕೊಂಡು ಗೋಡೆಯ ಮೇಲೆ ಬಾಗಿಲಿನ ಗೆರೆ ಎಳೆದಳು. ಎರಡು ಉದ್ದ, ಮೇಲೊಂದು ಅಡ್ಡ. ಆ ಗೆರೆಯೊಳಗೆ ಒಂದು ಮೊಳೆಯನ್ನೂ ಹೊಡೆಯಗೊಡಲಿಲ್ಲ. ಮೊರ, ಜರಡಿ, ಕ್ಯಾಲೆಂಡರು ಎಲ್ಲ ಆಚೀಚೆ. ಪ್ರತಿವರ್ಷ ದಸರೆಯ ಮುಂಚೆ ಅಪ್ಪ ಸುಣ್ಣ ಬಳಿಸುತ್ತಿದ್ದ, ಗೆರೆ ಹೋಗುತ್ತಿತ್ತು. ಸುಣ್ಣ ಒಣಗಿದ ಮರುದಿನ ಗೆರೆ ಅದೇ ಜಾಗದಲ್ಲಿ ಬಂದು ನಿಂತಿರುತ್ತಿತ್ತು.

"ಇದೇನಿದು, ಹುಡುಗಾಟ?" ಎಂದ ಅಪ್ಪ ಒಮ್ಮೆ.

"ಬಾಗಲಾ."

"ಮಾಲು ಇಳಸೂ ಪ್ಲಾಟ್‌ಫಾರ್ಮಿಗೆ ಅಡಗಿಮನಿ ಬಾಗಲಾ ಇಡ್ತಾರೇನ? ನಾಳೆ ರೈಲ್ವೆದವರು ಬಂದು ನೋಡಿದ್ರ ಏನಂದಾರು? ನಿನ್ನ ಸಂಡಗಿ ಎಲ್ಲಿಡ್ಲಿ, ನನ್ನ ಮಾಲು ಎಲ್ಲಿಡ್ಲಿ?"

"ನಾಳೆ ಬಂದ್ರ ನಾಳೆ ಮುಚ್ರಿ. ಇವತ್ತು ತಗೀರಿ."

"ನಿನಗ ವ್ಯವಹಾರ ತಿಳಿಯೂದಿಲ್ಲ."

"ಹೌದ್ರಿ. ನನಗ ಬಿಸಲು ತಿಳೀತದ."

ಈ ಜಗಳದಲ್ಲಿ ದನಿ ಏರುತ್ತಿರಲಿಲ್ಲ. ಅದೇ ನನ್ನನ್ನು ತಳಮಳಗೊಳಿಸುತ್ತಿತ್ತು. ಅಪ್ಪ ಉಣ್ಣುವಾಗ ಆ ಗೋಡೆಗೆ ಬೆನ್ನು ಹಾಕಿ ಕೂಡುವನು, ಅವ್ವ ಅದರ ಎದುರಿಗೆ. ನಡುವೆ ನಾನು ತಾಟಿನ ಅಂಚನ್ನು ಹಿಡಿದು, ಯಾರ ಕಡೆ ನೋಡಲೆಂದು ತಿಳಿಯದೆ, ನೀರು ಕುಡಿಯಲು ಮತ್ತೆ ಮತ್ತೆ ಏಳುತ್ತಿದ್ದೆ.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗಿನ ಖಂಡೇನವಮಿ. ಆ ದಿನ ಯಂತ್ರಕ್ಕೆ ರಜೆ. ದೊಡ್ಡ ಗರಗಸಕ್ಕೆ ಚೆಂಡುಹೂವಿನ ಮಾಲೆ, ಬಾಳೆಯ ಕಂಬ, ಕುಂಬಳಕಾಯಿ. ಸಣ್ಣ ಆಯುಧಗಳು ಮಾತ್ರ ಶೆಡ್ಡಿನಲ್ಲಿ ಇರುತ್ತಿರಲಿಲ್ಲ. ಬೇರೆ ಫ್ಯಾಕ್ಟರಿಗಳಲ್ಲಿ ಅವನ್ನು ಯಂತ್ರದ ಬುಡದಲ್ಲೇ ಪೂಜೆಗೆ ಇಡುತ್ತಾರೆ. ನಮ್ಮಪ್ಪ ಭಟ್ಟರ ಮಗನಲ್ಲವೇ, ಕೊಡಲಿ, ಬಾಚಿ, ಸುತ್ತಿಗೆ, ಕೈಗರಗಸ, ನೆಲ ಅಗೆಯುವ ಹಾರೆ, ಎಲ್ಲವನ್ನೂ ತೊಳೆಸಿ ಒಳಗೆ ತಂದು ದೇವರಮನೆಯಲ್ಲಿ ಕೆಂಪು ವಸ್ತ್ರದ ಮೇಲೆ ಮಲಗಿಸಿ ಕುಂಕುಮ ಹಚ್ಚುತ್ತಿದ್ದ. ಮರುದಿನ ಬನ್ನಿ ಮುಡಿಯುವವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ಅಣ್ಣ ಒಮ್ಮೆ ಪೆನ್ಸಿಲ್ ಕೊರೆಯಲು ಚಾಕು ಎತ್ತಿದ್ದಕ್ಕೆ ಬೆನ್ನಿಗೆ ಗುದ್ದು ತಿಂದಿದ್ದ.

ಆರತಿಯಾಯಿತು. ಅಪ್ಪ, ಅಣ್ಣ, ಯಂತ್ರ ನಡೆಸುವ ದಾವಲಸಾಬ ಮತ್ತು ಉಳಿದ ಕೆಲಸದವರು ಓಣಿಯಲ್ಲಿ ನಿಂತು ಚುರುಮುರಿ ಹಂಚುತ್ತಿದ್ದರು. ಒಳಗೆ ಅವ್ವ ಹೋಳಿಗೆ ಲಟ್ಟಿಸುತ್ತಿದ್ದಳು, ಅಜ್ಜಿ ಅಡುಗೆಮನೆಯ ಮೂಲೆಗೆ ಸರಿಸಿದ ಮಂಚದ ಮೇಲೆ ಅವಳಿಗೆ ಸೂಚನೆ ಕೊಡುತ್ತಿದ್ದಳು, ನಾನು ಹೂರಣದ ಉಂಡೆ ಕಟ್ಟುತ್ತಿದ್ದೆ. ಯಂತ್ರವಿಲ್ಲದ ಹಗಲು. ಪಾತ್ರೆಗಳು ಸುಮ್ಮನೆ ನಿಂತಿದ್ದವು. ಮೊದಲು ಬಂದದ್ದು ವಾಸನೆ, ಹಸಿ ಕಟ್ಟಿಗೆ ಕಮರಿದಂಥದ್ದು. ಆರತಿಯ ತಟ್ಟೆಯಿಂದ ಕರ್ಪೂರದ ಚೂರೊಂದು ಪಡಸಾಲೆಯ ಬಾಗಿಲ ಪಕ್ಕದ ಹೊಟ್ಟಿನ ರಾಶಿಗೆ ಬಿದ್ದಿತ್ತೆಂದು ಆಮೇಲೆ ತಿಳಿಯಿತು. ಹೊಟ್ಟು ಉರಿಯುವುದಿಲ್ಲ, ಒಳಗೊಳಗೇ ಸುಡುತ್ತದೆ. ನಾನು ಪಡಸಾಲೆಗೆ ಹೋಗಿ ನೋಡಿದರೆ ಬಾಗಿಲೇ ಕಾಣಲಿಲ್ಲ, ಅಲ್ಲಿ ಹಳದಿ ಹೊಗೆಯ ಗೋಡೆ. ಆಚೆಯಿಂದ ಅಪ್ಪನ ಕೂಗು, ಕೊಡಗಳ ಸದ್ದು. ಒಬ್ಬರಿಗೂ ಒಳಗೆ ಬರಲಾಗಲಿಲ್ಲ. ಒಡೆದು ಬರೋಣವೆಂದರೆ ಅವರ ಕೈಯಲ್ಲಿ ಏನೂ ಇಲ್ಲ. ಫ್ಯಾಕ್ಟರಿಯ ಪ್ರತಿಯೊಂದು ಆಯುಧವೂ ನಮ್ಮ ಜೊತೆ ದೇವರಮನೆಯಲ್ಲಿ ಪೂಜೆ ಮಾಡಿಸಿಕೊಂಡು ಮಲಗಿತ್ತು.

ಅವ್ವ ಲಟ್ಟಣಿಗೆ ಕೆಳಗಿಟ್ಟಳು. ಕೈ ತೊಳೆದುಕೊಂಡಳು. ಅಷ್ಟು ಗಡಿಬಿಡಿಯಲ್ಲೂ ಅವಳು ಕೈ ತೊಳೆದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ದೇವರಮನೆಗೆ ಹೋಗಿ, ಕೆಂಪು ವಸ್ತ್ರದ ಮೇಲಿಂದ ಹಾರೆಯನ್ನು ಎತ್ತಿದಳು.

"ಮುಟ್ಟಬ್ಯಾಡಽ!" ಎಂದಳು ಅಜ್ಜಿ. ಕೆಮ್ಮಿದಳು. ಮತ್ತೆ ಕೆಮ್ಮಿದಳು. ಆಮೇಲೆ, "ಲಗೂ ಮಾಡು" ಎಂದಳು.

ಅವ್ವ ನನ್ನ ಮೂಗಿಗೆ ಒದ್ದೆ ಸೆರಗಿನ ತುದಿ ಹಿಡಿಸಿ, ಸೀರೆ ಎತ್ತಿ ಕಟ್ಟಿ, ಇದ್ದಿಲಿನ ಗೆರೆಯ ಒಳಗೆ ಹೊಡೆದಳು. ಎಲ್ಲೋ ಒಂದು ಕಡೆ ಅಲ್ಲ. ಮೊದಲು ಎಡಗಡೆಯ ಉದ್ದ ಗೆರೆ, ಆಮೇಲೆ ಮೇಲಿನ ಅಡ್ಡ ಗೆರೆ. ಹಸಿ ಇಟ್ಟಿಗೆ ಹೋಳಿಗೆಯ ಹಾಗೆ ಮುರಿದು ಬೀಳುತ್ತಿತ್ತು. ಕೈ ಹೋಗುವಷ್ಟು ತೂತಾದಾಗ ಬಿಸಿಲಿನ ಕೋಲು ಹೊಗೆಯೊಳಗೆ ಚಾಚಿಕೊಂಡಿತು. ಆಚೆಯಿಂದ ಬೆರಳುಗಳು ಕಂಡವು, ಹಳದಿ ಹರಳಿನ ಉಂಗುರದ ಬೆರಳುಗಳು. ಅಪ್ಪ ಸಂದಿಯಿಂದ ಸುತ್ತಿ ಬಂದು, ಪ್ಲಾಟ್‌ಫಾರ್ಮ್ ಹತ್ತಿ, ಬರಿಗೈಯಲ್ಲಿ ಇಟ್ಟಿಗೆ ಕೀಳುತ್ತಿದ್ದ. ಅವ್ವ ಹೊಡೆಯುವಳು, ಅಪ್ಪ ಎಳೆಯುವನು. ಅವರಿಬ್ಬರೂ ಸೇರಿ ಒಂದು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ದಾವಲಸಾಬ ಯಾರದೋ ಚಕ್ಕಡಿಯನ್ನು ಬಯಲಿಗೆ ಹೊಡೆದುಕೊಂಡು ಬಂದು ಕಟ್ಟೆಗೆ ತಾಗಿಸಿ ನಿಲ್ಲಿಸಿದ. ಅಜ್ಜಿಯನ್ನು ಮಂಚದ ಸಮೇತ ಎತ್ತಿದರು. ಆ ಬಾಗಿಲಿನಿಂದ ಆಚೆ ಹೋದದ್ದು, ಆ ಪ್ಲಾಟ್‌ಫಾರ್ಮಿನಿಂದ ಗಾಡಿಗೆ ಇಳಿದ ಮೊಟ್ಟಮೊದಲ ಮಾಲು, ನಮ್ಮ ಅಜ್ಜಿ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಸುತ್ತಲಿನ ಬಯಲು, ಎತ್ತು, ಜನ ಎಲ್ಲವನ್ನೂ ನೋಡಿ ಅವಳು ಕೇಳಿದಳು:

"ರೈಲು ಬಂತೇನೋ?"

"ಇಲ್ರೀ ಅವ್ವಾರ," ಎಂದ ದಾವಲಸಾಬ. "ಸದ್ಯಕ್ಕ ಚಕ್ಕಡಿ ಐತ್ರಿ. ಗಟ್ಟಿ ಹಿಡ್ಕೋರಿ."

ಹೊತ್ತು ಇಳಿಯುವುದರೊಳಗೆ ಹೊಗೆ ಹೋಯಿತು. ಹೊಟ್ಟಿನ ರಾಶಿ ಕಪ್ಪು ನೀರಿನಲ್ಲಿ ನಿಂತಿತ್ತು. ಬಾಗಿಲಿನ ಚೌಕಟ್ಟಿನ ಒಂದು ಮೊಳ ಕರಕಲಾದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆಗ ಅಪ್ಪ ಒಡೆದ ಗೋಡೆಯ ಮುಂದೆ ನಿಂತು ಇಟ್ಟಿಗೆಯ ಚೂರನ್ನು ಕಾಲಿನಿಂದ ಸರಿಸಿದ.

"ಹೊಗಿ ಇತ್ತು ಅಷ್ಟ. ಬೆಂಕಿ ಇರಲಿಲ್ಲ."

"ಹೌದ್ರಿ," ಎಂದಳು ಅವ್ವ. "ಹೊಗಿನ ಇತ್ತು."

ಅವಳ ಹಣೆಯ ಮೇಲೆ ಇಟ್ಟಿಗೆಯ ಮಣ್ಣು, ಅಂಗೈಯಲ್ಲಿ ಹಾರೆಯ ಕುಂಕುಮ. ಮತ್ತೆ ಕೂತು ಹೋಳಿಗೆ ಲಟ್ಟಿಸತೊಡಗಿದಳು. ಅವಳಿಗೆ ನಮ್ಮ ಜೀವದ ಭಯವಿತ್ತೋ, ಇಲ್ಲ ಇಂಥ ಅವಕಾಶ ಇನ್ನೊಮ್ಮೆ ಬರಲಿಕ್ಕಿಲ್ಲ ಎನಿಸಿತೋ, ನಾನು ಎಂದೂ ಕೇಳಲಿಲ್ಲ. ಎರಡೂ ಇದ್ದಿರಬಹುದು. ಓಣಿಯ ಹಿರಿಯರು ಪೂಜೆಗಿಟ್ಟ ಆಯುಧ ಮುಟ್ಟಿದ್ದು ಮನೆತನಕ್ಕೆ ಒಳ್ಳೆಯದಲ್ಲ ಎಂದರು. ಮರುದಿನ ಬೆಳಿಗ್ಗೆ ಅಪ್ಪ ಹಾರೆಯನ್ನು ಅದರ ತುದಿಗೆ ಮೆತ್ತಿದ ಮಣ್ಣಿನ ಸಮೇತ ಕೆಂಪು ವಸ್ತ್ರದ ಮೇಲಿಟ್ಟು, ಇನ್ನೊಮ್ಮೆ ಪೂಜೆ ಮಾಡಿದ. ಮಣ್ಣು ಒರೆಸಲಿಲ್ಲ. ಬನ್ನಿ ಮುಡಿದು ಬಂದ ಮೇಲೆ ಖೋಕಾದ ಹಲಗೆಗಳನ್ನೇ ಜೋಡಿಸಿ ಕದ ಮಾಡತೊಡಗಿದ. ಹಲಗೆಯೊಂದರ ಮೇಲೆ ಮಸಿಯ ಬಾಣ ಉಳಿದಿತ್ತು, ಅದು ಮೇಲ್ಮುಖವಾಗಿಯೇ ಬರುವಂತೆ ನೋಡಿಕೊಂಡ.

"ರೈಲ್ವೆದವರು ಕೇಳಿದ್ರ?" ಎಂದಳು ಅಜ್ಜಿ.

"ಸ್ಟೇಷನ್ ಮಾಸ್ತರನ ಮನಿ ಬಾಗಲಾ ಅಂತ ಹೇಳೂಣು," ಎಂದ ಅಪ್ಪ, ಬಾಯಲ್ಲಿ ಮೊಳೆ ಕಚ್ಚಿಕೊಂಡು.

ಆಮೇಲಿನ ನನ್ನ ಬಾಲ್ಯವೆಲ್ಲ ಆ ಕಟ್ಟೆಯ ಮೇಲೆ ಕಳೆಯಿತು. ಸಂಡಿಗೆ, ಹಪ್ಪಳ, ಶಾವಿಗೆಯ ಕೋಲುಗಳು, ಕೆಂಪು ಮೆಣಸಿನಕಾಯಿ. ಓಣಿಯ ಹೆಂಗಸರು ಹಲಗೆ ಆನಿಸಿಕೊಂಡು ಹತ್ತಿ ಬಂದು ತಮ್ಮ ತಮ್ಮ ಸೀರೆ ಹಾಸುತ್ತಿದ್ದರು. ಅಪ್ಪ ದಿನಾ ಗುಡಿಸುವುದನ್ನು ಬಿಡಲಿಲ್ಲ. ಸಂಡಿಗೆಗಳ ಸುತ್ತ ಗುಡಿಸುತ್ತಿದ್ದ. ರೈಲು ಬರಲಿಲ್ಲ. ಮೊದಲು ರಟ್ಟಿನ ಡಬ್ಬಿ ಬಂತು, ಆಮೇಲೆ ಪ್ಲಾಸ್ಟಿಕ್ ಕ್ರೇಟು ಬಂತು. ಗರಗಸ ನಿಂತಿತು. ಅಪ್ಪ ಅವ್ವ ಹೋದ ಮೇಲೆ ಅಣ್ಣ ಸವದತ್ತಿಯಲ್ಲಿ ಮನೆ ಮಾಡಿದ, ಫ್ಯಾಕ್ಟರಿಯನ್ನು ಕ್ರೇಟು ಒಟ್ಟುವ ಗೋದಾಮು ಮಾಡಿದ. ಈಗ ದಸರೆ ಮುಗಿದ ಕೂಡಲೇ ಅದನ್ನೂ ಕೆಡವಿ ಕಲ್ಯಾಣಮಂಟಪ ಕಟ್ಟುತ್ತಾನಂತೆ. ನಮ್ಮವರ ಕೋರಿಕೆಯ ಮೇಲೆ ಎಲ್ಲ ಕಡೆಯ ಅಳತೆ ತೆಗೆದು, ಫೋಟೋ ಹೊಡೆದು ಕಳಿಸಿದ.

ಆ ಫೋಟೋದಲ್ಲಿ ಬಾಗಿಲಿರಲಿಲ್ಲ. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಒಂದೇ ಸಮನೆ ಸಿಮೆಂಟಿನ ಗಿಲಾವು. ಫೋನ್ ಹಚ್ಚಿದೆ.

"ಅಣ್ಣಾ, ಅವ್ವನ ಬಾಗಲಾ ಎಲ್ಲೋ?"

"ಯಾವ ಬಾಗಲಾ? ಅದಾ? ಅದು ಬಾಗಲಾ ಎಲ್ಲಿತ್ತವಾ, ಗ್ವಾಡ್ಯಾಗ ಬಿದ್ದ ಭೋಂಗಾ ಅದು. ಕ್ರೇಟು ಕಳುವು ಆಗ್ತಾವಂತ ಮುಚ್ಚಿಸಿ ಭಾಳ ದಿನಾತು. ಯಾಕ?"

"ಏನಿಲ್ಲ. ನಿನ್ನ ಮೊಣಕಾಲು ಹ್ಯಾಂಗದ?" ಎಂದು ಕೇಳಿದೆ.

ನಮ್ಮವರ ಮಾದರಿಯಲ್ಲೂ ಬಾಗಿಲು ಬರಲಿಲ್ಲ. ತೆಳು ಹಲಗೆಯಲ್ಲಿ ಕೊರೆದ ಗೋಡೆ, ತುಕ್ಕಿನ ಮಾಡು, ಪಾರಿವಾಳದ ಬಿಳಿ ಗೆರೆಗಳು ಎಲ್ಲ ನಾನು ಹೇಳಿದಂತೆಯೇ. ಪ್ಲಾಟ್‌ಫಾರ್ಮಿಗೆ ತಾಗಿ ಹೊಳೆಯುವ ಹಳಿ. ಅಪ್ಪ ಇಡೀ ಜನ್ಮ ಕಾದದ್ದು ನನ್ನ ಅಟ್ಟದ ಮೇಲೆ ಬಂದು ನಿಂತಿತ್ತು. ಅಪ್ಪನ ಆಸೆಯಷ್ಟೇ ಉಳಿದು ಅವ್ವ ಇಲ್ಲವಾದ ಮನೆ. ನಾನು ಪೆನ್ಸಿಲಿನಿಂದ ಆ ಪುಟ್ಟ ಗೋಡೆಯ ಮೇಲೆ ಗೆರೆ ಎಳೆದೆ. ಎರಡು ಉದ್ದ, ಮೇಲೊಂದು ಅಡ್ಡ. ಮರುದಿನ ನೋಡಿದರೆ ಅಳಿಸಿತ್ತು.

"ಫೋಟೋದಾಗ ಇಲ್ಲಲ್ಲ ಸುಧಾ," ಎಂದರು ಅವರು, ಮೃದುವಾಗಿಯೇ. "ಮತ್ತ ಆ ಗೋಡಿ ಮ್ಯಾಲೆ ಫ್ಯಾಕ್ಟ್ರಿ ಹೆಸರು ಬರೀಬೇಕಂತ ಮಾಡೀನಿ. ಪರದೇಶದ ಮಾದರಿ ಎಲ್ಲಾ ಹಂಗ ಇರ್ತಾವ. ನಡುವ ಬಾಗಲಾ ಬಂದ್ರ ಅಕ್ಷರ ಕೂಡೂದಿಲ್ಲ."

"ಇರ್ಲಿ ಬಿಡ್ರಿ," ಎಂದೆ. ಸಿಸ್ಟರುಗಳು ಕಲಿಸಿದ ದನಿ ಅದು, ಬೇಗ ಬರುತ್ತದೆ. ಕೆಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಸಂಜೆ ಮತ್ತೆ ಗೆರೆ ಎಳೆದೆ. ಅವರು ಮತ್ತೆ ಅಳಿಸಿದರು. ಹೀಗೆಯೇ ನಡೆಯಿತು.

ಈ ವರ್ಷದ ಖಂಡೇನವಮಿಯ ದಿನ ಅವರು ತಮ್ಮ ಸಣ್ಣ ಆಯುಧಗಳನ್ನು, ಅಂದರೆ ಚಿಮಟಿಗೆ, ಅರ, ಬೆರಳುದ್ದದ ಗರಗಸ, ಹಲಗೆ ಕೊರೆಯುವ ಚಾಕುವನ್ನು, ಅಟ್ಟದ ಮೇಲೆಯೇ ಕರವಸ್ತ್ರ ಹಾಸಿ ಇಟ್ಟು, ಕುಂಕುಮ ಹಚ್ಚಿ, ನೆರೆಮನೆಗೆ ಆರತಿಗೆಂದು ಹೋದರು. ನಾನು ಪ್ರಸಾದದ ತಾಟು ತೆಗೆಯಲು ಮೇಲೆ ಹೋದೆ. ಕಿಟಕಿಯ ಬಿಸಿಲು ಆ ಗೋಡೆಯ ಮೇಲೆ ಬಿದ್ದಿತ್ತು. ಹೆಸರು ಬರೆಯಲು ಅವರು ತೆಳುವಾಗಿ ಬಿಳಿ ಬಣ್ಣ ಬಳಿದಿದ್ದರು. ಬಣ್ಣದ ಕೆಳಗೆ ನನ್ನ ಪೆನ್ಸಿಲಿನ ಗೆರೆ ಇನ್ನೂ ಮಸುಕಾಗಿ ಕಾಣುತ್ತಿತ್ತು. ಕೆಳಗೆ ಹೋಗಿ ಕೈ ತೊಳೆದುಕೊಂಡು ಬಂದೆ. ಚಾಕು ಎತ್ತಿಕೊಂಡೆ. ಮೊದಲು ಎಡಗಡೆಯ ಉದ್ದ ಗೆರೆ, ಆಮೇಲೆ ಮೇಲಿನ ಅಡ್ಡ ಗೆರೆ.

ಅವರು ಎರಡು ಲೋಟ ಚಹಾ ಹಿಡಿದು ಮೇಲೆ ಬಂದಾಗ ನಾನು ಕೊನೆಯ ಗೆರೆಯಲ್ಲಿದ್ದೆ. ಕುಂಕುಮ ಗೋಡೆಗೂ ಮೆತ್ತಿತ್ತು.

"ಸುಧಾ! ಇವತ್ತು ಆಯುಧ ಮುಟ್ಟಬಾರದು."

"ನಮ್ಮ ತೌರಮನ್ಯಾಗ ಮುಟ್ಟತಾರ್ರಿ."

ಅವರು ಚಹಾದ ಲೋಟಗಳನ್ನು ಮೇಜಿನ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಕೊಯ್ದ ಅಂಚನ್ನು ಉಗುರಿನಿಂದ ಸವರಿದರು.

"ಕದಾ ಯಾವ ಕಡೆ ತೆರೀತಿತ್ತು?"

"ಹೊರಗ. ಮತ್ತ ಅದರ ಮ್ಯಾಲೊಂದು ಬಾಣಾ ಇತ್ತು."

"ಇಷ್ಟ ದಿನಾ ಯಾಕ ಹೇಳಲಿಲ್ಲ?"

"ಗೆರಿ ಎಳೀಲಿಕ್ಕತ್ತಿದ್ನಲ್ರೀ."

ಅವರು ಹೋಗಿ ರೈಲಿನ ಗುಂಡಿ ಒತ್ತಿದರು. ರೈಲು ಗುಡ್ಡ ಸುತ್ತಿ, ಹಳ್ಳದ ಸೇತುವೆ ದಾಟಿ, ನಮ್ಮ ಮನೆಯ ಬೆನ್ನಿಗೆ ಬಂತು. ಡಬ್ಬಿ ಪ್ಲಾಟ್‌ಫಾರ್ಮಿನ ಪಕ್ಕ ಸಾಗುವಾಗ ಅದರ ತಳ ಕಟ್ಟೆಗಿಂತ ಕೂದಲೆಳೆಯಷ್ಟು ಮೇಲಿತ್ತು. "ಅಳತಿ ತಪ್ಪೇದ," ಎಂದು ನಮ್ಮವರು ಗೊಣಗಿದರು. "ನಿಮ್ಮಣ್ಣ ಸರಿಯಾಗಿ ಅಳದಿಲ್ಲ." ಅಣ್ಣ ಸರಿಯಾಗಿಯೇ ಅಳೆದಿದ್ದ. ಅವ್ವ ಅಪ್ಪನ ಕೋಟಿನ ಗುಂಡಿಯನ್ನು ಒಂದಿಷ್ಟು ಕೆಳಗೆ ಹಚ್ಚಿದ್ದಳು. ರೈಲು ತೆರೆದ ಬಾಗಿಲಿನ ಮುಂದೆ ಹಾಯುತ್ತಿತ್ತು, ಬಾಗಿಲಿನಲ್ಲಿ ಬಿಸಿಲು ಬಿಟ್ಟು ಬಿಟ್ಟು ಹೊಳೆಯುತ್ತಿತ್ತು. ಮೇಜಿನ ಹಲಗೆ ಸಣ್ಣಗೆ ನಡುಗಿತು. ಹಿಂದೆಲ್ಲೋ ಚಹಾದ ಲೋಟ ಕಿಣಿಗುಟ್ಟಿ ಅಂಚಿನ ಕಡೆಗೆ ಹೊರಟಿತು. ನಾನು ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಕೈ ಹಿಂದಕ್ಕೆ ಚಾಚಿ ಅದನ್ನು ಗೋಡೆಗೆ ನೂಕಿದೆ.